ಜಮೈಕಾ ಇನ್: ಹೆಸರು ಬಂದದ್ದು ರಮ್ ಪೀಪಾಯಿಗಳಿಂದಲ್ಲ

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಜಮೈಕಾ ಇನ್ ಎಂಬ ಹಳೆಯ ಪಬ್ ನೋಡಬೇಕೆಂದಿರುವವರಿಗೆ ನನ್ನ ಮೊದಲ ಸಲಹೆ, ದಿನದ ಕೋಚ್ ಪ್ರವಾಸದ ಟಿಕೆಟ್ ಕೊಳ್ಳಬೇಡಿ ಎಂಬುದು. ಕರಾವಳಿಯ ಒಂದು ಪಟ್ಟಣದಿಂದ ನಾವು ಅಂಥ ಬಸ್ಸಿನಲ್ಲಿ ಹೊರಟಿದ್ದೆವು. ಪಬ್‌ನಲ್ಲಿ ನಿಧಾನವಾಗಿ ಊಟ ಮಾಡಿ ಸುತ್ತಾಡುವಷ್ಟು ಸಮಯವಿರುತ್ತದೆ ಎಂದು ಹೇಳಿ ಹಣ ಪಡೆದವರು, ದಾರಿಯಲ್ಲಿ ಮಿಠಾಯಿ ಮತ್ತು ಉಡುಗೊರೆಗಳ ಅಂಗಡಿಯೊಂದರ ಮುಂದೆ ಬಹಳ ಹೊತ್ತು ನಿಲ್ಲಿಸಿದರು. ಪಬ್ ತಲುಪಿದ ಮೇಲೆ ಅರ್ಧ ಗಂಟೆಯೊಳಗೆ ಎಲ್ಲರೂ ಬಸ್ಸಿಗೆ ಮರಳಬೇಕೆಂದರು. ಆಗಸ್ಟ್ ರಜೆಯ ನೂಕುನುಗ್ಗಲಿನಲ್ಲಿ ಕೌಂಟರ್‌ವರೆಗೆ ಹೋಗುವುದಕ್ಕೇ ಆ ಸಮಯ ಸಾಲಲಿಲ್ಲ. ಇದಕ್ಕಿಂತ ಬೇಸರ ತಂದದ್ದು ಬಸ್ಸಿನ ಮೈಕಿನಲ್ಲಿ ಹೇಳಿದ ಕಥೆ. ಕಳ್ಳಸಾಗಣೆಯವರು ಜಮೈಕಾದ ರಮ್ ಪೀಪಾಯಿಗಳನ್ನು ಇಲ್ಲಿ ಬಚ್ಚಿಡುತ್ತಿದ್ದರಂತೆ, ಅದರಿಂದಲೇ ಈ ಹೆಸರು ಬಂತಂತೆ. ಇದನ್ನೇ ನಿಜವೆಂದು ನಂಬಿ ಮನೆಗೆ ಮರಳುವವರು ಬಹಳ ಜನ ಇರುವುದರಿಂದ ಈ ಬರಹ ಅಗತ್ಯವೆನಿಸಿತು.

ಕಟ್ಟಡ 1750ರಲ್ಲಿ ಎದ್ದದ್ದು. ಬಾಡ್ಮಿನ್ ಮತ್ತು ಲಾನ್‌ಸ್ಟನ್ ಪಟ್ಟಣಗಳ ನಡುವಿನ ಸುಮಾರು 20 ಮೈಲಿಗಳ ದಾರಿ ಬಾಡ್ಮಿನ್ ಮೂರ್ ಎಂಬ ಮರಗಳಿಲ್ಲದ ಎತ್ತರದ ಹುಲ್ಲುಬಯಲನ್ನು ಹಾದುಹೋಗುತ್ತದೆ. ಆ ನಿರ್ಜನ ದಾರಿಯಲ್ಲಿ ಕುದುರೆಗಾಡಿಗಳು ನಿಂತು ಕುದುರೆ ಬದಲಿಸಲೆಂದು, ಪ್ರಯಾಣಿಕರಿಗೆ ಊಟ ಮತ್ತು ಹಾಸಿಗೆ ಸಿಗಲೆಂದು ಕಟ್ಟಿದ ತಂಗುದಾಣವಿದು. ಆಗ ಈ ಸೀಮೆಯ ಪ್ರಬಲ ಭೂಮಾಲೀಕರು ಟ್ರೆಲಾನಿ ಮನೆತನದವರು, ಮತ್ತು ಆ ಮನೆತನದ ಇಬ್ಬರು ಅದೇ ಶತಮಾನದಲ್ಲಿ ಜಮೈಕಾದ ಗವರ್ನರ್ ಆಗಿದ್ದರು. ಎಡ್ವರ್ಡ್ ಟ್ರೆಲಾನಿ 1738ರಿಂದ 1752ರವರೆಗೆ ಅಧಿಕಾರದಲ್ಲಿದ್ದ. ಅಂದರೆ ಬಯಲಿನಲ್ಲಿ ಈ ಗೋಡೆಗಳು ಏಳುತ್ತಿದ್ದಾಗ ಅವನು ಸಾಗರದಾಚೆ ಆ ದ್ವೀಪವನ್ನು ಆಳುತ್ತಿದ್ದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬೆಟ್ಟಗಳಲ್ಲಿ ನೆಲೆಸಿ ಹೋರಾಡುತ್ತಿದ್ದ ಮರೂನ್ ಜನರೊಂದಿಗೆ 1739ರಲ್ಲಿ ಬ್ರಿಟಿಷರು ಒಪ್ಪಂದ ಮಾಡಿಕೊಂಡದ್ದು ಅವನ ಆಡಳಿತದಲ್ಲೇ. ಅನಂತರ ಸರ್ ವಿಲಿಯಂ ಟ್ರೆಲಾನಿ ಅದೇ ಹುದ್ದೆಗೆ ಬಂದು, 1772ರಲ್ಲಿ ಹುದ್ದೆಯಲ್ಲಿರುವಾಗಲೇ ಅಲ್ಲಿ ತೀರಿಕೊಂಡ. ಜಮೈಕಾದಲ್ಲಿ ಇಂದಿಗೂ ಅವನ ಹೆಸರಿನ ಟ್ರೆಲಾನಿ ಎಂಬ ಜಿಲ್ಲೆಯಿದೆ; ಓಟಗಾರ ಉಸೇನ್ ಬೋಲ್ಟ್ ಹುಟ್ಟಿದ್ದು ಆ ಜಿಲ್ಲೆಯಲ್ಲಿ. ಒಡೆಯರ ಮನೆತನಕ್ಕೆ ಸಂದ ಗೌರವವಾಗಿ ಈ ತಂಗುದಾಣಕ್ಕೆ ಜಮೈಕಾದ ಹೆಸರು ಬಂತು. ಗುಲಾಮರ ದುಡಿಮೆಯಿಂದ ಸಕ್ಕರೆ ಬೆಳೆದ ದ್ವೀಪದ ಹೆಸರು ಕಾರ್ನ್‌ವಾಲ್‌ನ ಒಂದು ಹಳ್ಳಿಯ ಬಾಗಿಲಿಗೆ ಬಂದದ್ದು ಹೇಗೆಂಬುದು ಪೀಪಾಯಿಗಳ ಕಥೆಗಿಂತ ತೂಕವುಳ್ಳ ಸಂಗತಿ.

ಕಳ್ಳಸಾಗಣೆ ನಡೆಯಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಈ ತಂಗುದಾಣವೂ ಅದರ ದಾರಿಯಲ್ಲಿತ್ತು, ಅದಕ್ಕೆ ಮೀಸಲಾದ ಸಂಗ್ರಹಾಲಯವೂ ಇಲ್ಲಿದೆ. ಆದರೆ ಈ ತೀರಕ್ಕೆ ಕದ್ದು ಬರುತ್ತಿದ್ದ ಸರಕಿನಲ್ಲಿ ಫ್ರಾನ್ಸ್ ಕಡೆಯ ಬ್ರಾಂದಿ ಮತ್ತು ಚಹಾದ ಪಾಲು ದೊಡ್ಡದು. ಚಹಾದ ಮೇಲಿನ ತೆರಿಗೆ ಎಷ್ಟು ವಿಪರೀತವಾಗಿತ್ತೆಂದರೆ, 1784ರಲ್ಲಿ ಸರ್ಕಾರ ಅದನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿ ಕಳ್ಳ ವ್ಯಾಪಾರದ ಬೆನ್ನು ಮುರಿಯಬೇಕಾಯಿತು. ರಮ್ ಕಥೆ ಇಷ್ಟು ಗಟ್ಟಿಯಾಗಿ ನಿಂತಿರುವುದರಲ್ಲಿ ಡಾಫ್ನಿ ಡು ಮೊರಿಯೆ ಈ ತಂಗುದಾಣದ ಹೆಸರಿನಲ್ಲೇ 1936ರಲ್ಲಿ ಪ್ರಕಟಿಸಿದ, ಕಳ್ಳಸಾಗಣೆಯವರ ಕಥೆ ಹೇಳುವ ಕಾದಂಬರಿಯ ಪಾಲೂ ಇದೆ. ವಿಚಿತ್ರವೆಂದರೆ, ಅವರು ಅದನ್ನು ಬರೆದ ಕಾಲದಲ್ಲಿ ಇದು ಮದ್ಯ ಮಾರದ, ಪಾನನಿರೋಧದ ವಸತಿಗೃಹವಾಗಿತ್ತು. ಈಗ ಬಾರ್‌ನ ನೆಲದಲ್ಲಿ ಒಂದು ಸಣ್ಣ ಲೋಹದ ಫಲಕವಿದೆ. ಕಾದಂಬರಿಯ ಜಾಸ್ ಮರ್ಲಿನ್ ಕೊಲೆಯಾದದ್ದು ಇದೇ ಜಾಗದಲ್ಲಿ ಎಂದು ಅದು ಸಾರುತ್ತದೆ. ಅವನು ಎಂದೂ ಬದುಕಿರದ ಮನುಷ್ಯ. ಹಾಗಿದ್ದರೂ ಅವನ ಮೇಲೆ ಕಾಲಿಡಬಾರದೆಂಬಂತೆ ಜನ ಪಕ್ಕಕ್ಕೆ ಸರಿದು, ಬಗ್ಗಿ ಫೋಟೋ ತೆಗೆಯುತ್ತಿದ್ದರು.

ಮುಂದೆ ಅಕ್ಟೋಬರ್‌ನಲ್ಲಿ, ವಾರದ ನಡುವಿನ ದಿನ ನೋಡಿ, ನಾವಾಗಿಯೇ ಮತ್ತೆ ಹೋದೆವು. ಗದ್ದಲ ಸಹಿಸಲಾಗದ ನನ್ನಂಥವರಿಗೆ ಇದೊಂದೇ ದಾರಿ. ಕಲ್ಲು ಹಾಸಿದ ಅಂಗಳ, ಸ್ಲೇಟ್ ಕಲ್ಲಿನ ತೆಳು ಹಲಗೆಗಳನ್ನು ಹೊದಿಸಿದ ಗೋಡೆ, ತಗ್ಗಿದ ತೊಲೆಗಳು ಇವನ್ನೆಲ್ಲ ಆಗ ನಿಂತು ನೋಡಲಾಯಿತು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬಾಡ್ಮಿನ್ ಪಾರ್ಕ್‌ವೇ ನಿಲ್ದಾಣಕ್ಕೆ ನೇರ ರೈಲಿದೆ, ಆದರೆ ನಿಲ್ದಾಣ ಊರಿನಿಂದಲೇ ದೂರ, ಪಬ್ ಇರುವ ಬಾಲ್‌ವೆಂಟರ್ ಹಳ್ಳಿ ಇನ್ನೂ ದೂರ. ಬಸ್ಸನ್ನು ನೆಚ್ಚಿಕೊಳ್ಳಬೇಡಿ. ಬಾಡಿಗೆ ಕಾರು ಉತ್ತಮ. ಟ್ಯಾಕ್ಸಿಯಾದರೆ ಹೋಗುವುದಕ್ಕೂ ಬರುವುದಕ್ಕೂ ಮೊದಲೇ ಹೇಳಿ, ದರವನ್ನೂ ಮಾತಾಡಿಕೊಂಡಿರಿ. ಎ30 ಹೆದ್ದಾರಿ ಈಗ ಹಳ್ಳಿಯನ್ನು ಬಳಸಿ ಹೋಗುವುದರಿಂದ ತಿರುವು ತಪ್ಪುವುದು ಸುಲಭ, ಮತ್ತು ಈ ಬಯಲಿನಲ್ಲಿ ಮಂಜು ಬಲು ಬೇಗ ಕವಿಯುತ್ತದೆ.

ಊಟದ ಬಗ್ಗೆ ಹೇಳಲೇಬೇಕಾದದ್ದು ಬೇರೆ ಕಡೆಯದು. ಲಾನ್‌ಸ್ಟನ್‌ನ ಇಕ್ಕಟ್ಟಾದ ಬೀದಿಯೊಂದರಲ್ಲಿ, ಕೂರಲು ಕುರ್ಚಿಯೂ ಇಲ್ಲದ ಬೇಕರಿಯಲ್ಲಿ, ಆಗತಾನೇ ಒಲೆಯಿಂದ ತೆಗೆದ ಪೇಸ್ಟಿ ತಿಂದೆವು. ನಮ್ಮ ಕರ್ಜಿಕಾಯಿಯ ಹಾಗೆ ಅರ್ಧಚಂದ್ರಾಕಾರ, ಅದರ ಹಾಗೆಯೇ ಅಂಚನ್ನು ಬೆರಳಿನಿಂದ ಮಡಿಚಿ ಒತ್ತಿದ್ದು, ಆದರೆ ಗಾತ್ರ ಅಂಗೈಗಿಂತ ದೊಡ್ಡದು. 2011ರಲ್ಲಿ ಸಿಕ್ಕ ಭೌಗೋಳಿಕ ರಕ್ಷಣೆಯ ನಿಯಮದಂತೆ ಕಾರ್ನಿಷ್ ಪೇಸ್ಟಿ ಎಂಬ ಹೆಸರಿನದರಲ್ಲಿ ದನದ ಮಾಂಸ ಇರಲೇಬೇಕು. ಆದ್ದರಿಂದ ಸಸ್ಯಾಹಾರಿಗಳು ಚೀಸ್ ಮತ್ತು ಈರುಳ್ಳಿಯದನ್ನು ಹೆಸರು ಹಿಡಿದು ಕೇಳಬೇಕು. ನಾವು ತಿಂದದ್ದು ಅದನ್ನೇ. ಹೊರಪದರ ಗರಿಗರಿಯಾಗಿತ್ತು, ಒಳಗೆ ಬೆಂದು ಮೆತ್ತಗಾದ ಆಲೂಗೆಡ್ಡೆ, ಕರಗಿದ ಚೀಸ್, ಸಿಹಿ ಬಿಟ್ಟ ಈರುಳ್ಳಿ, ಧಾರಾಳವಾದ ಕರಿಮೆಣಸು. ಸುಡುತ್ತಿದ್ದ ಕಾಗದದ ಚೀಲವನ್ನು ಕೈಯಿಂದ ಕೈಗೆ ಬದಲಿಸುತ್ತ ಬೀದಿಯಲ್ಲೇ ನಿಂತು ತಿಂದ ಆ ಊಟಕ್ಕೆ, ಕರಾವಳಿಯಲ್ಲಿ ಒಂದು ಕಾಫಿಗೂ ಒಂದು ತುಂಡು ಕೇಕಿಗೂ ಕೊಟ್ಟದ್ದಕ್ಕಿಂತ ಕಡಿಮೆ ಹಣವಾಯಿತು. ಸಂಜೆಯವರೆಗೆ ಹಸಿವಾಗಲಿಲ್ಲ.

ಹೆಸರಿನ ಮೂಲವನ್ನು ಇನ್ನೂ ಹತ್ತಿರದಿಂದ ನೋಡಬೇಕೆನ್ನುವವರು ದಕ್ಷಿಣದ ಪೆಲಿಂಟ್ ಹಳ್ಳಿಗೆ ಹೋಗಬಹುದು. ಎಡ್ವರ್ಡ್‌ನ ತಂದೆ, ಬಿಷಪ್ ಜೊನಾಥನ್ ಟ್ರೆಲಾನಿಯ ಸಮಾಧಿ ಅಲ್ಲಿಯ ಚರ್ಚಿನಲ್ಲಿದೆ. ಮನೆತನದ ಬಂಗಲೆ ಟ್ರೆಲಾನ್ ಕೂಡ ಸಮೀಪವೇ ಇದೆ, ಈಗ ಅದು ರಜಾಕಾಲದ ವಸತಿತಾಣ. ಲಿಸ್ಕರ್ಡ್ ನಿಲ್ದಾಣದಲ್ಲಿ ಇಳಿದು ಲೂ ಎಂಬ ಮೀನುಗಾರರ ಊರಿಗೆ ಹೋಗುವ ಚಿಕ್ಕ ರೈಲು ಹಿಡಿಯಿರಿ. ಕೂಂಬ್ ಎಂಬಲ್ಲಿ ರೈಲು ನಿಂತು, ಚಾಲಕ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ದಿಕ್ಕು ಬದಲಿಸುತ್ತಾನೆ. ಮರಳಿ ಲಿಸ್ಕರ್ಡ್‌ಗೇ ಹೋಗುತ್ತಿದೆ ಎಂದು ಗಾಬರಿಯಾಗಿ ಇಳಿಯಬೇಡಿ. ಲೂ ಊರಿನಿಂದ ಪೆಲಿಂಟ್ ಕೆಲವೇ ಮೈಲಿ.