ರಾಬರ್ಟ್ ಡ್ರೂ ಆಡಿಯೋ ಸರಣಿ: ಕೆಲಸ ಎಲ್ಲಿಗೆ ಬಂತು

ಮೊದಲ ಕಂತು ಮುಗಿದಿದೆ. ಎರಡನೇದು ಅರ್ಧ ಎಡಿಟ್ ಆಗಿದೆ. ಮೂರನೇದು ಇನ್ನೂ ಚೀಟಿಗಳಲ್ಲೇ ಇದೆ. ಅಮೆರಿಕದ ಟಿವಿ ಸಾಕ್ಷ್ಯಚಿತ್ರ ನಿರ್ಮಾಪಕ ರಾಬರ್ಟ್ ಡ್ರೂ (1924–2014) ಅವರನ್ನು ನೆನೆಯುವ ಮೂರು ಕಂತಿನ ಸರಣಿ ಇದು. ಕಚೇರಿ ಕೆಲಸ ಮುಗಿದ ಮೇಲೆ, ಪಕ್ಕದ ಮನೆಯ ಮಿಕ್ಸಿ ನಿಂತ ಮೇಲೆ ರೆಕಾರ್ಡ್ ಮಾಡೋದು. ಹಾಗಾಗಿ ನಿಧಾನ.

ಡ್ರೂ ಬಗ್ಗೆ ಆಡಿಯೋ ಮಾಡೋದೇ ಒಂದು ತಮಾಷೆ. 1954–55ರಲ್ಲಿ ಅವರು ನೀಮನ್ ಫೆಲೋ (ಪತ್ರಕರ್ತರಿಗೆ ಒಂದು ವರ್ಷ ಓದಲು ಸಿಗುವ ಅವಕಾಶ) ಆಗಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದರು. ಟಿವಿ ಸಾಕ್ಷ್ಯಚಿತ್ರಗಳು ಯಾಕಿಷ್ಟು ಬೇಸರ ತರಿಸುತ್ತವೆ ಅಂತ ತಲೆ ಕೆಡಿಸಿಕೊಂಡಿದ್ದರು. ಆಗ ಅವರಿಗೆ ಹೊಳೆದದ್ದು ಇಷ್ಟು: ಚಿತ್ರ ಆಫ್ ಮಾಡಿ ಬರೀ ಮಾತು ಕೇಳಿದರೆ ಕಾರ್ಯಕ್ರಮ ಪೂರ್ತಿ ಅರ್ಥವಾಗುತ್ತದೆ. ಸದ್ದು ಆಫ್ ಮಾಡಿ ಬರೀ ಚಿತ್ರ ನೋಡಿದರೆ ತಲೆಬುಡ ತಿಳಿಯುವುದಿಲ್ಲ. ಅಂದರೆ ಟಿವಿಯಲ್ಲಿ ಬರುತ್ತಿದ್ದದ್ದು ಚಿತ್ರ ಅಂಟಿಸಿದ ಭಾಷಣ. ಅಂಥವರ ಬಗ್ಗೆ ನಾನು ಚಿತ್ರವೇ ಇಲ್ಲದೆ, ಬರೀ ಮಾತಿನಲ್ಲಿ ಹೇಳಲು ಹೊರಟಿದ್ದೇನೆ. ಇದನ್ನೇ ಮೊದಲ ಕಂತಿನ ಶುರುವಿಗೆ ಇಟ್ಟಿದ್ದೇನೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡೋದು ವಾಸಿ ಅಲ್ವಾ?

ಮೊದಲ ಕಂತಿನಲ್ಲಿ ಅವರ ಯೌವನ ಇದೆ. ಓಹಾಯೋದ ಟೊಲೀಡೋದಲ್ಲಿ ಹುಟ್ಟಿದ್ದು. ಎರಡನೇ ಮಹಾಯುದ್ಧದಲ್ಲಿ, ಹತ್ತೊಂಬತ್ತರ ಹುಡುಗನಾಗಿದ್ದಾಗ, ಇಟಲಿಯಲ್ಲಿ ಅವರ ಯುದ್ಧವಿಮಾನ ಬಿತ್ತು. ಜರ್ಮನ್ನರ ಹಿಡಿತದಲ್ಲಿದ್ದ ಕಡೆ ತಿಂಗಳುಗಟ್ಟಲೆ ತಲೆಮರೆಸಿಕೊಂಡಿದ್ದು ವಾಪಸ್ ಬಂದರು. ಇದೇ ಒಂದು ಸಿನಿಮಾ ಆಗುತ್ತೆ. ಆದರೆ ನಾನು ಇಲ್ಲಿ ಜಾಸ್ತಿ ನಿಲ್ಲಲಿಲ್ಲ. ನನಗೆ ಬೇಕಾಗಿದ್ದದ್ದು ಆಮೇಲಿನ 'ಲೈಫ್' ಪತ್ರಿಕೆಯ ದಿನಗಳು. ಅಲ್ಲಿನ ಒಳ್ಳೆಯ ಫೋಟೋಗ್ರಾಫರ್‌ಗಳು ಯಾರನ್ನೂ 'ಇಲ್ಲಿ ನಿಲ್ಲಿ, ಹೀಗೆ ನೋಡಿ' ಅನ್ನುತ್ತಿರಲಿಲ್ಲ. ಸುಮ್ನೆ ಜೊತೆಯಲ್ಲಿದ್ದು ಕಾಯುತ್ತಿದ್ದರು. ಫೋಟೋದಲ್ಲಿ ಆಗುವುದು ಓಡುವ ಚಿತ್ರದಲ್ಲಿ ಯಾಕಾಗಬಾರದು ಅನ್ನುವುದು ಡ್ರೂ ತಲೆಗೆ ಹೊಕ್ಕ ಹುಳ.

ಆಗದಿರಲು ಕಾರಣ ಯಂತ್ರ. ಮಾತು ಮತ್ತು ಚಿತ್ರ ಒಟ್ಟಿಗೆ ಹಿಡಿಯುವ ಕ್ಯಾಮೆರಾ ಆಗ ಭಾರಿ ತೂಕ. ಸ್ಟ್ಯಾಂಡು, ಲೈಟು, ವೈರು, ಜನ. ಇಷ್ಟೆಲ್ಲ ಕೋಣೆಗೆ ಬಂದರೆ ಯಾರು ತಾನೇ ಸಹಜವಾಗಿರುತ್ತಾರೆ? ಡ್ರೂ 'ಲೈಫ್' ಪತ್ರಿಕೆಯ ಮಾಲೀಕರಾದ ಟೈಮ್ ಸಂಸ್ಥೆಯಿಂದಲೇ ಹಣ ಹೊರಡಿಸಿದರು. ರಿಚರ್ಡ್ ಲೀಕಾಕ್, ಡಿ.ಎ. ಪೆನ್ನಿಬೇಕರ್, ಆಲ್ಬರ್ಟ್ ಮೇಸಲ್ಸ್ ಮುಂತಾದವರನ್ನು ಸೇರಿಸಿಕೊಂಡು ಉಪಕರಣ ಹಗುರ ಮಾಡಿಸಿದರು.

ಎರಡನೇ ಕಂತು ಪೂರ್ತಿ 1960ರ ವಿಸ್ಕಾನ್ಸಿನ್. ಡೆಮಾಕ್ರಟಿಕ್ ಪಕ್ಷದ ಟಿಕೆಟ್‌ಗಾಗಿ ಜಾನ್ ಕೆನಡಿ ಮತ್ತು ಹ್ಯೂಬರ್ಟ್ ಹಂಫ್ರಿ ನಡುವಿನ ಪೈಪೋಟಿ. ಚಿತ್ರದ ಹೆಸರು 'ಪ್ರೈಮರಿ'. ಇದರಲ್ಲಿ ಕೆನಡಿ ಜನರ ನಡುವೆ ಸಭಾಂಗಣಕ್ಕೆ ನುಗ್ಗುವ ಶಾಟ್ ಒಂದಿದೆ. ಮೇಸಲ್ಸ್ ಕ್ಯಾಮೆರಾವನ್ನು ತಲೆ ಮೇಲೆತ್ತಿ ಹಿಂದೆಯೇ ಹೋಗುತ್ತಾರೆ. ಕೈಕುಲುಕು, ನೂಕುನುಗ್ಗಲು, ಬಾಗಿಲು, ಮೆಟ್ಟಿಲು, ಆಮೇಲೆ ಒಮ್ಮೆಲೇ ವೇದಿಕೆ. ಕಟ್ ಇಲ್ಲ. ವೇದಿಕೆಯಲ್ಲಿ ಕೆನಡಿಯ ಹೆಂಡತಿ ಜಾಕ್ವೆಲಿನ್ ಮಾತಾಡುವಾಗ ಕ್ಯಾಮೆರಾ ಅವರ ಬೆನ್ನ ಹಿಂದಿರುವ ಕೈಗಳನ್ನು ತೋರಿಸುತ್ತದೆ. ಬಿಳಿ ಕೈಗವಸು, ಬೆರಳುಗಳು ಒಂದಕ್ಕೊಂದು ಹೆಣೆದುಕೊಂಡು ಚಡಪಡಿಸುತ್ತಿವೆ. ಮುಖದಲ್ಲಿ ನಗು ಇದೆ. ಇದನ್ನು ಮಾತಿನಲ್ಲಿ ಹೇಳಲು ನಾನು ಬರೆದದ್ದನ್ನೆಲ್ಲ ಹೊಡೆದು ಹಾಕಿ, ಕಡೆಗೆ ಮೂರೇ ವಾಕ್ಯ ಉಳಿಸಿದೆ. ಹಂಫ್ರಿ ಕಾರಿನಲ್ಲಿ ನಿದ್ದೆಗೆ ಜಾರುವುದು, ಎದುರಿಗೆ ವೈಪರ್ ಆಡುತ್ತಲೇ ಇರುವುದು ಕೂಡ ಸೇರಿದೆ. ನನಗೆ ಆ ಚಿತ್ರದಲ್ಲಿ ಹಂಫ್ರಿಯೇ ಜಾಸ್ತಿ ಇಷ್ಟ.

ಈ ವಾರ ಸಮಯ ತಿಂದದ್ದು ಸಿಂಕ್, ಅಂದರೆ ಚಿತ್ರಕ್ಕೆ ಸದ್ದು ಹೊಂದಿಸುವ ಭಾಗ. 'ಪ್ರೈಮರಿ' ಕಾಲಕ್ಕೆ ಕ್ಯಾಮೆರಾ ಮತ್ತು ಟೇಪ್ ರೆಕಾರ್ಡರ್ ನಡುವೆ ವೈರ್ ಇರಬೇಕಿತ್ತು. ಒಬ್ಬರು ಬಲಕ್ಕೆ ಹೋದರೆ ಇನ್ನೊಬ್ಬರೂ ಬಲಕ್ಕೇ. ಆಮೇಲೆ ಬುಲೋವಾ ಕಂಪನಿಯ ಅಕ್ಯುಟ್ರಾನ್ ಕೈಗಡಿಯಾರದ ಉಪಾಯ ಬಂತು. ಅದರೊಳಗೆ ಪುಟ್ಟ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇದೆ, ಸೆಕೆಂಡಿಗೆ 360 ಸಲ ಕಂಪಿಸುತ್ತದೆ. ಕ್ಯಾಮೆರಾಕ್ಕೊಂದು, ರೆಕಾರ್ಡರ್‌ಗೊಂದು ಅಂಥ ಗಡಿಯಾರವನ್ನೇ ಆಧಾರವಾಗಿ ಕೊಟ್ಟರೆ ಎರಡೂ ಒಂದೇ ವೇಗದಲ್ಲಿ ಓಡುತ್ತವೆ, ವೈರ್ ಬೇಡ. ಕೇಳುಗರಿಗೆ ಅದರ ಸದ್ದು ಗೊತ್ತಾಗಲಿ ಅಂತ ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ 360 ಹರ್ಟ್ಸ್ ನಾದ ಹುಟ್ಟಿಸಿದೆ. ಹಾಡು ಕಲಿತಿರುವ ನನ್ನ ಅಕ್ಕ ಶ್ರುತಿಪೆಟ್ಟಿಗೆ ಹಿಡಿದು ನೋಡಿ, "ನಾಲ್ಕು ಮನೆಗೂ ನಾಲ್ಕೂವರೆ ಮನೆಗೂ ಮಧ್ಯೆ ಸಿಕ್ಕಿಕೊಂಡಿದೆ ಕಣೋ, ಇದಕ್ಕೆ ಹಾಡೋಕಾಗಲ್ಲ" ಅಂದಳು (ಮನೆ ಅಂದರೆ ಶ್ರುತಿಯ ಮಟ್ಟ). ಅವಳ ಮಾತನ್ನೂ ಹಾಗೇ ಇಟ್ಟುಕೊಂಡಿದ್ದೇನೆ. ನನ್ನ ವಿವರಣೆಗಿಂತ ಅದೇ ಚೆನ್ನಾಗಿದೆ. ನಾದವನ್ನು ಮಾತ್ರ ತುಂಬಾ ತಗ್ಗಿಸಬೇಕಾಯ್ತು, ಇಯರ್‌ಫೋನ್‌ನಲ್ಲಿ ಕಿವಿ ಕೊರೆಯುತ್ತಿತ್ತು.

ಕರಡು ಕೇಳಿದ ಗೆಳೆಯ ಒಬ್ಬ ಕೇಳಿದ: "ಅಲ್ಲಯ್ಯಾ, ಕ್ಯಾಮೆರಾ ಹಿಡಿದವರು ಮೇಸಲ್ಸ್, ಲೀಕಾಕ್. ನಿನ್ನ ಡ್ರೂ ಏನ್ ಮಾಡಿದ?"

ಇಡೀ ಸರಣಿ ಇರುವುದೇ ಈ ಪ್ರಶ್ನೆಗಾಗಿ. ಕೆನಡಿ ಮತ್ತು ಹಂಫ್ರಿ ಇಬ್ಬರನ್ನೂ ಒಪ್ಪಿಸಿದ್ದು ಡ್ರೂ. ಲೈಟ್ ಇಲ್ಲ, ಪ್ರಶ್ನೆ ಇಲ್ಲ, 'ಇನ್ನೊಂದ್ಸಲ ಮಾಡಿ' ಅನ್ನುವುದಿಲ್ಲ ಅಂತ ಮಾತು ಕೊಟ್ಟು, ಅದನ್ನು ಉಳಿಸಿಕೊಂಡದ್ದೂ ಅವರೇ. ಸೌಂಡ್ ರೆಕಾರ್ಡರ್ ಹೊತ್ತು ತಿರುಗಿದರು. ದೊಡ್ಡ ಚಾನೆಲ್‌ಗಳು 'ಪ್ರೈಮರಿ'ಯನ್ನು ತೆಗೆದುಕೊಳ್ಳಲಿಲ್ಲ. ಟೈಮ್ ಸಂಸ್ಥೆಯ ಸ್ವಂತ ಸ್ಥಳೀಯ ಸ್ಟೇಷನ್‌ಗಳಲ್ಲಷ್ಟೇ ಬಂತು. ಆಗಲೂ ಅವರು ಮುಂದಿನ ಚಿತ್ರಕ್ಕೆ ಹಣ ಹುಡುಕಿದರು. ಲೀಕಾಕ್, ಪೆನ್ನಿಬೇಕರ್, ಮೇಸಲ್ಸ್ ಮುಂದೆ ತಮ್ಮದೇ ದಾರಿ ಹಿಡಿದು ದೊಡ್ಡ ಹೆಸರು ಮಾಡಿದರು. ನಿರ್ಮಾಪಕನ ಕೆಲಸ ಫ್ರೇಮಿನಲ್ಲಿ ಕಾಣುವುದಿಲ್ಲ, ಅದಕ್ಕೇ ಡ್ರೂ ಹೆಸರು ಹಿಂದೆ ಬಿತ್ತು ಅನ್ನೋದು ನನ್ನ ಲೆಕ್ಕ. ಗೆಳೆಯನ ಪ್ರಶ್ನೆ ಈಗ ಎರಡನೇ ಕಂತಿನ ಮೊದಲ ಸಾಲು.

ಮೂರನೇ ಕಂತಿನ ಮುಖ್ಯ ಭಾಗ 'ಕ್ರೈಸಿಸ್' ಚಿತ್ರ. 1963ರ ಜೂನ್, ಅಲಬಾಮಾ ವಿಶ್ವವಿದ್ಯಾಲಯ. ವಿವಿಯನ್ ಮಲೋನ್, ಜೇಮ್ಸ್ ಹುಡ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ಸೇರಬಾರದೆಂದು ಗವರ್ನರ್ ಜಾರ್ಜ್ ವಾಲೇಸ್ ಬಾಗಿಲಿಗೇ ಅಡ್ಡ ನಿಂತರು. ಡ್ರೂ ತಂಡದ ಕ್ಯಾಮೆರಾಗಳು ಏಕಕಾಲಕ್ಕೆ ಅಲಬಾಮಾ, ವಾಷಿಂಗ್ಟನ್ ಎರಡೂ ಕಡೆ ಇದ್ದವು. ವಾಷಿಂಗ್ಟನ್‌ನಲ್ಲಿ ಅಧ್ಯಕ್ಷರ ತಮ್ಮ, ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಫೋನಿನಲ್ಲಿ ತಂತ್ರ ಮಾತಾಡುತ್ತಿರುವಾಗ ಪುಟ್ಟ ಮಗಳು ಕೆರ್ರಿ ರಿಸೀವರ್ ಇಸಿದುಕೊಳ್ಳುತ್ತಾಳೆ. ಆ ತುದಿಯಲ್ಲಿರುವ ಅಧಿಕಾರಿ ಕ್ಯಾಟ್ಜೆನ್‌ಬಾಕ್ ಅವಳ ಜೊತೆಯೂ ಮಾತಾಡುತ್ತಾರೆ. ಎರಡೂ ತುದಿಯ ಕ್ಯಾಮೆರಾ ಓಡುತ್ತಿದ್ದದ್ದರಿಂದ ಇಬ್ಬರ ಮುಖವೂ ನಮಗೆ ಸಿಕ್ಕಿದೆ. ಇದು ಬರೀ ಅದೃಷ್ಟವಲ್ಲ. ಎರಡು ಊರಿಗೂ ತಂಡ ಕಳಿಸುವ ನಿರ್ಧಾರ ಯಾರೋ ಮೊದಲೇ ಮಾಡಿರಬೇಕು.

ಚಿತ್ರ ಅಕ್ಟೋಬರ್‌ನಲ್ಲಿ ಪ್ರಸಾರವಾಯಿತು. ಮರು ತಿಂಗಳೇ ಅಧ್ಯಕ್ಷ ಕೆನಡಿಯ ಹತ್ಯೆ. ಶವಯಾತ್ರೆಯಲ್ಲಿ ಸೇರಿದ ಜನರ ಮುಖಗಳಿಂದ ಡ್ರೂ 'ಫೇಸಸ್ ಆಫ್ ನವೆಂಬರ್' ಕಟ್ಟಿದರು. ನಿರೂಪಣೆ ಒಂದು ಮಾತೂ ಇಲ್ಲ. 'ಪ್ರೈಮರಿ'ಯಲ್ಲಿ ಒಂಚೂರು ನಿರೂಪಣೆ ಇತ್ತು, ಇಲ್ಲಿ ಅದೂ ಹೋಯಿತು. ಆಡಿಯೋದಲ್ಲಿ ಇದನ್ನು ಏನು ಮಾಡೋದು ಅನ್ನೋದು ಸದ್ಯದ ತಲೆನೋವು. ಕೆಲವು ಸೆಕೆಂಡ್ ಸುಮ್ಮನೆ ಬಿಟ್ಟರೆ ಕೇಳುಗರು ಫೋನ್ ಕೆಟ್ಟಿತು ಅಂದುಕೊಳ್ಳುತ್ತಾರೆ.

ಅವರು 1962ರಲ್ಲಿ ನಿರ್ಮಿಸಿದ ನೆಹರೂ ಚಿತ್ರಕ್ಕೂ ಜಾಗ ಬೇಕು. ಕೆನಡಿ ಭಾಗವೇ ಉದ್ದವಾಗಿದೆ, ಅದರಲ್ಲೇ ಕತ್ತರಿ ಆಡಿಸಬೇಕು. ಶನಿವಾರ ಅಕ್ಕ ಬಂದಾಗ ಎರಡನೇ ಕಂತನ್ನು ಮೊದಲಿಂದ ಕೊನೆವರೆಗೆ ಒಮ್ಮೆ ಕೇಳಿಸುತ್ತೇನೆ, ಆಮೇಲೆ ಫೈನಲ್ ಮಿಕ್ಸ್.