ಯಾರೂ ಹೇಳಲಿಲ್ವಂತೆ

"ಡಿಸ್ಕ್ ಹೋಗಿದೆ ಅಂತ ಯಾರೂ ಹೇಳಲೇ ಇಲ್ವಲ್ಲ ಸಾರ್!"

ಗೆಳೆಯರ ಕಚೇರಿಯ ಹುಡುಗ ಈ ವಾರ ಆಡಿದ ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಸರ್ವರ್‌ನಲ್ಲಿ ಜಾಗ ಸಾಲುತ್ತಿಲ್ಲ ಅಂತ ಕರೆದಿದ್ದ. ಮೊದಲು ರೇಡ್ (ಹಲವು ಡಿಸ್ಕ್ ಒಟ್ಟಿಗೆ ಕಟ್ಟುವ ವ್ಯವಸ್ಥೆ) ಹೇಗಿದೆ ನೋಡೋಣ ಅಂತ ಲಿನಕ್ಸ್‌ನಲ್ಲಿ ಅದರ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲ್ ತೆರೆದೆ. ಎರಡು ಡಿಸ್ಕಿನ ರೇಡ್ 1, ಅಂದರೆ ಎರಡರಲ್ಲೂ ಒಂದೇ ಡೇಟಾದ ಪ್ರತಿ. [ಯುಯು] ಎಂದಿರಬೇಕಾದ ಕಡೆ [ಯು_] ಎಂದಿತ್ತು. ಒಂದು ಡಿಸ್ಕ್ ಯಾವತ್ತೋ ಹೊರಬಿದ್ದಿದೆ. ಕಚೇರಿಯ ಲೆಕ್ಕಪತ್ರವೆಲ್ಲ ಉಳಿದ ಒಂದರ ಮೇಲೆ ನಿಂತಿದೆ.

ನಿಜಕ್ಕೂ ಯಾರೂ ಹೇಳಿರಲಿಲ್ವಾ? ರೂಟ್‌ನ, ಅಂದರೆ ಯಂತ್ರದ ಮುಖ್ಯ ಆಡಳಿತ ಖಾತೆಯ, ಲೋಕಲ್ ಮೇಲ್‌ಬಾಕ್ಸ್ ತೆರೆದೆ. 'ಡಿಗ್ರೇಡೆಡ್ ಅರೇ' (ಡಿಸ್ಕ್‌ಗಳ ಗುಂಪಿನಲ್ಲಿ ಒಂದು ಕಡಿಮೆಯಾಗಿದೆ) ಎಂಬ ಮೇಲ್‌ಗಳು, ದಿನಕ್ಕೊಂದರಂತೆ, ಪುಟಗಟ್ಟಲೆ. ರೇಡ್ ನೋಡಿಕೊಳ್ಳುವ ಟೂಲ್ ಎಂಡಿಆಡಮ್ ದಿನವೂ ತಪ್ಪದೆ ಹೇಳಿತ್ತು. ಆದರೆ ಅದರ ಕಾನ್ಫಿಗ್ ಫೈಲಿನಲ್ಲಿ ಎಚ್ಚರಿಕೆ ಕಳಿಸಬೇಕಾದ ವಿಳಾಸ 'ರೂಟ್' ಅಂತಲೇ ಉಳಿದಿತ್ತು. ಆ ಮೇಲ್‌ಬಾಕ್ಸ್ ಇದೆ ಅನ್ನುವುದೇ ಹುಡುಗನಿಗೆ ಗೊತ್ತಿರಲಿಲ್ಲ. ಪರದೆ ನೋಡುತ್ತಾ ಅವನ ಮುಖ ಸಣ್ಣದಾಯಿತು.

ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅವನು ಕೆಲಸಕ್ಕೆ ಸೇರುವ ಮೊದಲೇ ಕಟ್ಟಿದ ಸರ್ವರ್ ಅದು. ಕಟ್ಟಿದವರೂ ಅಚ್ಚುಕಟ್ಟಿನ ಮನುಷ್ಯರೇ. ಡಿಸ್ಕಿನ ಯಾವ ಭಾಗ ಬದಲಾಯಿತು ಅಂತ ಗುರುತಿಡುವ ಬಿಟ್‌ಮ್ಯಾಪ್ ಇಟ್ಟಿದ್ದರು. ಯಂತ್ರವನ್ನು ಬೂಟ್ ಮಾಡಿಸುವ ಗ್ರಬ್ ಅನ್ನು ಎರಡೂ ಡಿಸ್ಕಿಗೆ ಹಾಕಿದ್ದರು. ಎಷ್ಟೋ ಜನ ಎರಡನೆಯದನ್ನು ಮರೆಯುತ್ತಾರೆ, ಮೊದಲ ಡಿಸ್ಕ್ ಸತ್ತಾಗ ಯಂತ್ರ ಬೂಟ್ ಆಗುವುದೇ ಇಲ್ಲ. ಇಷ್ಟೆಲ್ಲ ಮಾಡಿದವರು ಒಂದು ಟೆಸ್ಟ್ ಮೇಲ್ ಮಾತ್ರ ಕಳಿಸಿ ನೋಡಿರಲಿಲ್ಲ. ಮಾನಿಟರ್, ಸ್ಕ್ಯಾನ್, ಒನ್‌ಶಾಟ್, ಟೆಸ್ಟ್ ಎಂಬ ಆಯ್ಕೆಗಳೊಂದಿಗೆ ಎಂಡಿಆಡಮ್ ಓಡಿಸಿದರೆ ಪ್ರತಿ ಅರೇಗೂ ಒಂದು ಮೇಲ್ ಬರುತ್ತದೆ. ಒಂದೇ ಸಾಲಿನ ಕೆಲಸ.

"ಮ್ಯಾನುಯಲ್‌ನಲ್ಲಿ ಎಲ್ಲ ಇದೆ, ಓದಬೇಕಿತ್ತು" ಅನ್ನುವ ಹಿರಿಯರು ನಮ್ಮಲ್ಲಿ ಜಾಸ್ತಿ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲಬಾರದು ಅಂತಲೇ ರೇಡ್ ಇರುವುದು. ಅಂದಮೇಲೆ ಡಿಸ್ಕ್ ಸತ್ತದ್ದು ಬಳಸುವವರಿಗೆ ತಿಳಿಯುವುದಾದರೂ ಹೇಗೆ? ಫೈಲ್ ತೆರೆಯುತ್ತದೆ, ಸೇವ್ ಆಗುತ್ತದೆ. ಎಚ್ಚರಿಕೆ ಮನುಷ್ಯರಿಗೆ ತಲುಪದಿದ್ದರೆ ಅದು ಅರ್ಧ ರೇಡ್ ಅಷ್ಟೇ.

ನನ್ನ ನಿಜವಾದ ಭಯ ಶುರುವಾದದ್ದು ಹೊಸ ಡಿಸ್ಕ್ ಸೇರಿಸಿದ ಮೇಲೆ. ರೀಬಿಲ್ಡ್ ಆಗುವಾಗ, ಅಂದರೆ ಹೊಸ ಡಿಸ್ಕಿಗೆ ಎಲ್ಲವನ್ನೂ ಪ್ರತಿ ಮಾಡುವಾಗ, ಉಳಿದ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ವರ್ಷಗಳಿಂದ ಮುಟ್ಟದ ಮೂಲೆಯಲ್ಲಿ ಕೆಟ್ಟ ಸೆಕ್ಟರ್ ಇದ್ದರೆ ಆಗಲೇ ಹೊರಬರುವುದು. ಡೆಬಿಯನ್ ಲಿನಕ್ಸ್‌ನಲ್ಲಿ ತಿಂಗಳ ಮೊದಲ ಭಾನುವಾರ ಇಡೀ ಅರೇ ಓದಿ ತಾಳೆ ನೋಡುವ ಏರ್ಪಾಡಿದೆ. ಆದರೆ ತಾಳೆ ನೋಡಲು ಎರಡನೇ ಪ್ರತಿ ಬೇಕಲ್ವಾ? ಪುಣ್ಯಕ್ಕೆ ರೀಬಿಲ್ಡ್ ಮುಗಿಯಿತು. ಹುಡುಗ ಊಟಕ್ಕೂ ಏಳದೆ ಆ ಶೇಕಡಾವಾರು ಅಂಕಿಯನ್ನೇ ನೋಡುತ್ತಾ ಕೂತಿದ್ದ. ಇಂಥ ಕಾಳಜಿ ಇರುವವನಿಗೆ ಸುದ್ದಿ ಮೊದಲೇ ತಲುಪಿದ್ದರೆ ಆ ದಿನವೇ ಡಿಸ್ಕ್ ತಂದು ಹಾಕುತ್ತಿದ್ದ.

ಹಾಗಾಗಿ ರೇಡ್ ಟೂಲ್ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಅರೇ ಕಟ್ಟುವ ಹೊತ್ತಿಗೇ "ಕೆಟ್ಟರೆ ಯಾರಿಗೆ ಹೇಳಲಿ?" ಎಂದು ಕೇಳಿ. ಕೊಟ್ಟ ವಿಳಾಸಕ್ಕೆ ಆಗಲೇ ಒಂದು ಟೆಸ್ಟ್ ಮೇಲ್ ಕಳಿಸಿ. ಮೇಲ್ ಕಳಿಸುವ ಪ್ರೋಗ್ರಾಮೇ ಯಂತ್ರದಲ್ಲಿ ಇಲ್ಲದಿದ್ದರೆ ಸುಮ್ಮನಿರಬೇಡಿ, ಅದನ್ನು ಪರದೆಯ ಮೇಲೆ ದಪ್ಪಕ್ಷರದಲ್ಲಿ ತೋರಿಸಿ.