ನಾಲ್ಕು ವೃತ್ತದ ಒಂದೇ ಹಾಳೆ, ಮೂರು ಬ್ಯಾಚು

ನಾಲ್ಕು ವೃತ್ತದ ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಮೇಲೆ ‘ನಿಮಗೆ ಇಷ್ಟವಾದದ್ದು’, ಎಡಕ್ಕೆ ‘ನಿಮಗೆ ಚೆನ್ನಾಗಿ ಬರುವುದು’, ಬಲಕ್ಕೆ ‘ಲೋಕಕ್ಕೆ ಬೇಕಾದದ್ದು’, ಕೆಳಗೆ ‘ದುಡ್ಡು ಸಿಗುವುದು’. ನಾಲ್ಕೂ ಕೂಡುವ ನಡುಜಾಗದಲ್ಲಿ ‘ಇಕಿಗಾಯ್’ ಎಂಬ ಜಪಾನಿ ಹೆಸರು, ಅಂದರೆ ಬದುಕಲು ಒಂದು ಕಾರಣ. ಟ್ರೇನಿಂಗ್ ಕೆಲಸ ಮಾಡುವವರ ಲ್ಯಾಪ್‌ಟಾಪಿನಲ್ಲಿ ಇದು ಇದ್ದೇ ಇರುತ್ತದೆ. ಯಾರು ಯಾರಿಗೆ ಕಳಿಸಿದರು ಎಂದು ಯಾರಿಗೂ ನೆನಪಿರುವುದಿಲ್ಲ.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಟ್ರೇನಿಂಗ್ ನೋಡಿಕೊಳ್ಳುತ್ತೇನೆ. ಈ ಹಾಳೆಯನ್ನು ಮೂರು ಬಗೆಯ ಜನರ ಕೈಗೆ ಕೊಟ್ಟಿದ್ದೇನೆ. ಗೆರೆಗಳು ಅವೇ, ಪ್ರಶ್ನೆಗಳು ಅವೇ. ಆದರೂ ಪ್ರತಿ ಸಲ ಅದು ಬೇರೆಯೇ ಹಾಳೆ ಆಗಿಬಿಡುತ್ತಿತ್ತು.

ಮೊದಲು ಕೊಟ್ಟಿದ್ದು ಮ್ಯಾನೇಜರುಗಳಿಗೆ. ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎಲ್ಲರೂ ನಲವತ್ತು ದಾಟಿದವರು, ಮನೆ ಸಾಲ ತೀರಿಸಿದವರು ಅಥವಾ ತೀರಿಸುವ ಹಾದಿಯಲ್ಲಿ ಇರುವವರು. ‘ದುಡ್ಡು’ ವೃತ್ತವನ್ನು ಎರಡು ನಿಮಿಷದಲ್ಲಿ ತುಂಬಿಸಿ, ‘ಇಷ್ಟ’ದ ವೃತ್ತದಲ್ಲಿ ಅರ್ಧ ಗಂಟೆ ಕೂತರು. ಒಬ್ಬರು ಹುಣಸೂರು ರಸ್ತೆಯಲ್ಲಿ ತೋಟ ಮಾಡಬೇಕು ಎಂದರು. ಇನ್ನೊಬ್ಬರು ಬಿಟ್ಟುಹೋದ ವೀಣೆ ಪಾಠದ ಬಗ್ಗೆ ಬರೆದರು. ಕಾಫಿ ಬಂತು, ಎಲ್ಲರೂ ಖುಷಿಯಾಗಿ ಎದ್ದರು. ಹೊಟ್ಟೆ ತುಂಬಿದವರಿಗೆ ಒಳ್ಳೆಯ ಹರಟೆಯ ವಿಷಯ ಅದು.

ಆಮೇಲೆ ಅದೇ ಹಾಳೆ ಐಟಿಐ ಮುಗಿಸಿ ಬಂದ ಅಪ್ರೆಂಟಿಸ್ ಹುಡುಗರ ಇಂಡಕ್ಷನ್‌ಗೆ ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ನಗರ, ನಂಜನಗೂಡು ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗರು. ಹಾಳೆ ಹಂಚಿದ ಕೂಡಲೇ ಬಂದ ಮೊದಲ ಪ್ರಶ್ನೆ: “ಮೇಡಂ, ಇದಕ್ಕೆ ಮಾರ್ಕ್ಸ್ ಇದ್ಯಾ?”

ಇಲ್ಲ ಎಂದೆ. ಯಾರೂ ನಂಬಲಿಲ್ಲ. ಇಷ್ಟವಾದದ್ದು: ಸಿಎನ್‌ಸಿ ಮೆಷಿನ್. ಚೆನ್ನಾಗಿ ಬರುವುದು: ಸಿಎನ್‌ಸಿ ಮೆಷಿನ್. ಲೋಕಕ್ಕೆ ಬೇಕಾದದ್ದು: ಕ್ವಾಲಿಟಿ. ದುಡ್ಡು ಸಿಗುವುದು: ಈ ಕಂಪನಿಯಲ್ಲಿ. ಒಂದು ಹಾಳೆಯ ಮೇಲೆ ಇನ್ನೊಂದನ್ನು ಇಟ್ಟರೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಹುಡುಗರು ದಡ್ಡರಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಬಂದವರಿಗೆ ಕೊನೆಗೆ ಕೆಲಸ ಕೊಡಲೇಬೇಕು ಎಂದೇನಿಲ್ಲ, ಅದು ಕಂಪನಿಯ ನೀತಿಗೆ ಬಿಟ್ಟದ್ದು. ತಿಂಗಳ ಸ್ಟೈಪೆಂಡ್ ಮೇಲೆ ನಿಂತವರ ಕೈಗೆ, ಕಂಪನಿಯ ಲೋಗೋ ಇರುವ ಹಾಳೆ ಕೊಟ್ಟು ‘ನಿಮಗೆ ಏನಿಷ್ಟ’ ಎಂದು ಕೇಳಿದರೆ ಅದು ಇಂಟರ್‌ವ್ಯೂ ಅಲ್ಲದೆ ಇನ್ನೇನು? ಮ್ಯಾನೇಜರಿಗೆ ಬಿಡುವಿನ ಕನಸಾಗಿದ್ದ ಚಿತ್ರ ಇವರಿಗೆ ನಿಷ್ಠೆಯ ಪರೀಕ್ಷೆ ಆಗಿತ್ತು.

ಒಬ್ಬ ಹುಡುಗ ಮಾತ್ರ ಏನೂ ಬರೆಯದೆ ಗೆರೆಗಳನ್ನೇ ನೋಡುತ್ತಿದ್ದ. ಡ್ರಾಯಿಂಗ್ ಓದುವುದರಲ್ಲಿ ಚುರುಕು. ಕೊನೆಗೆ ಎದ್ದು ಕೇಳಿದ: “ಮೇಡಂ, ಇಷ್ಟ, ದುಡ್ಡು ಇವೆರಡೇ ಸೇರೋ ಜಾಗ ಇದರಲ್ಲಿ ಇಲ್ವಲ್ಲ?”

“ಅಂದ್ರೆ?”

“ನಾನು ಆರ್ಕೆಸ್ಟ್ರಾದವರ ಜೊತೆ ಸೌಂಡ್ ಬಾಕ್ಸ್ ಹೊರೋಕೆ ಹೋಗ್ತೀನಿ. ಹಾಡು ಕೇಳ್ಕೊಂಡು ಇರಬಹುದು, ಕೈಗೆ ಒಂದಿಷ್ಟು ದುಡ್ಡೂ ಕೊಡ್ತಾರೆ. ಅದರಲ್ಲಿ ನಾನೇನೂ ನಿಸ್ಸೀಮ ಅಲ್ಲ, ಲೋಕಕ್ಕೂ ಬೇಕಾಗಿಲ್ಲ. ಅದನ್ನ ಎಲ್ಲಿ ಬರೀಲಿ?”

ಹಾಳೆ ತಿರುಗಿಸಿ ನೋಡಿದೆ. ಅವನು ಹೇಳಿದ್ದು ಸರಿ. ‘ಇಷ್ಟ’ ಮತ್ತು ‘ದುಡ್ಡು’ ಎದುರುಬದುರು ಕೂತಿವೆ. ಮೂರನೆಯ ವೃತ್ತ ನಡುವೆ ಬಾರದೆ ಅವು ಎಲ್ಲೂ ಮುಟ್ಟುವುದಿಲ್ಲ. ‘ಚೆನ್ನಾಗಿ ಬರುವುದು’ ಮತ್ತು ‘ಲೋಕಕ್ಕೆ ಬೇಕಾದದ್ದು’ ಇವೆರಡರ ಕಥೆಯೂ ಅಷ್ಟೇ. ಲೆಕ್ಕ ಸುಲಭ. ನಾಲ್ಕು ವಿಷಯ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದರೆ ಒಟ್ಟು 16 ಸಾಧ್ಯತೆ. ಆದರೆ ನಾಲ್ಕು ವೃತ್ತಗಳನ್ನು ಹೇಗೆ ಜೋಡಿಸಿದರೂ, ಹೊರಗಿನ ಖಾಲಿ ಜಾಗ ಸೇರಿಸಿ, 14 ಭಾಗಕ್ಕಿಂತ ಜಾಸ್ತಿ ಬರುವುದಿಲ್ಲ. ಇಂಥ ಚಿತ್ರಗಳಿಗೆ ಯಾರ ಹೆಸರು ಅಂಟಿಕೊಂಡಿದೆಯೋ ಆ ಇಂಗ್ಲಿಷ್ ತರ್ಕಶಾಸ್ತ್ರಜ್ಞ ಜಾನ್ ವೆನ್, 1880ರಲ್ಲೇ ನಾಲ್ಕು ಗುಂಪು ತೋರಿಸಲು ವೃತ್ತ ಬಿಟ್ಟು ದೀರ್ಘವೃತ್ತ ಬಳಸಿದ್ದು ಇದಕ್ಕೇ. ಅಂದರೆ ಸುಮ್ನೆ ಇಷ್ಟಪಟ್ಟು ನಾಲ್ಕು ಕಾಸು ಸಂಪಾದಿಸುವುದಕ್ಕೆ ಈ ಚಿತ್ರದಲ್ಲಿ ಜಾಗವೇ ಇಲ್ಲ. ನಮ್ಮ ಕಡೆ ಅರ್ಧ ಜನರ ಬದುಕು ನಡೆಯುವುದು ಆ ಜಾಗದಲ್ಲೇ ಅಲ್ವಾ?

ಮೂರನೆಯ ಬ್ಯಾಚು ನಿವೃತ್ತಿ ಹತ್ತಿರ ಬಂದವರದು. ಪಿಎಫ್, ಗ್ರಾಚ್ಯುಟಿ ಲೆಕ್ಕ ಹೇಳಿಕೊಡುವ ಕಾರ್ಯಕ್ರಮ. ಕೊನೆಯ ಒಂದು ಗಂಟೆಗೆ ಈ ಹಾಳೆ. ಇಲ್ಲಿ ‘ದುಡ್ಡು’ ವೃತ್ತ ನೋಡಿ ನಗು ಎದ್ದಿತು. ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1000 ರೂಪಾಯಿ ಎಂದು 2014ರಲ್ಲಿ ಗೊತ್ತುಮಾಡಿದ್ದು ಅವರಿಗೆ ಬಾಯಿಪಾಠ. ಒಬ್ಬರು ಆ ವೃತ್ತದ ಮೇಲೆ ಅಡ್ಡಗೆರೆ ಎಳೆದೇಬಿಟ್ಟರು. ಉಳಿದ ಮೂರರಲ್ಲಿ ಚೆನ್ನಾಗಿಯೇ ಬರೆದರು: ನಾಲೆ ಬಯಲಿನ ಗದ್ದೆ, ಊರಿನ ಮಾರಮ್ಮನ ಹಬ್ಬದ ಲೆಕ್ಕಪತ್ರ, ಮೊಮ್ಮಗಳನ್ನು ಶಾಲೆಗೆ ಬಿಡುವುದು, ಪಕ್ಕದ ಮನೆಯವರ ಪಂಪ್‌ಸೆಟ್ ರಿಪೇರಿ.

ಆದರೆ ಗ್ರೈಂಡಿಂಗ್ ಸೆಕ್ಷನ್ನಿನ ಹಿರಿಯರೊಬ್ಬರು ಹಾಳೆಯನ್ನು ನನ್ನ ಕಡೆ ತಳ್ಳಿದರು. “ನೋಡಿ ಮೇಡಂ, ನಡುವೆ ಬರೆಯೋಕೆ ನನಗೆ ಏನೂ ಸಿಗ್ತಿಲ್ಲ. ಹಾಗಂದ್ರೆ ನಂದು ಇಷ್ಟು ವರ್ಷ ಲೆಕ್ಕಕ್ಕೇ ಇಲ್ಲ ಅಂತಾನಾ?” ತಮಾಷೆಯ ಧ್ವನಿಯಲ್ಲಿ ಹೇಳಿದರು. ಆದರೆ ಮುಖದಲ್ಲಿ ತಮಾಷೆ ಇರಲಿಲ್ಲ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದ ಕೈ ಅದು. ಅವರ ಮಕ್ಕಳಿಬ್ಬರೂ ಓದಿ ಕೆಲಸಕ್ಕೆ ಸೇರಿದ್ದು ಆ ಸಂಬಳದಿಂದ. ಆ ಕೆಲಸ ಅವರಿಗೆ ‘ಇಷ್ಟ’ವಾಗಿತ್ತೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ಬೆಳಿಗ್ಗೆ ತನಕ ಇಲ್ಲದ ಕೊರತೆಯೊಂದನ್ನು ಒಂದು ಜೆರಾಕ್ಸ್ ಹಾಳೆ ಹುಟ್ಟಿಸಿತ್ತು.

ಇದಾದ ಮೇಲೆ ಈ ಚಿತ್ರ ಎಲ್ಲಿಂದ ಬಂತು ಎಂದು ಹುಡುಕಿದೆ. ಸ್ಪೇನಿನ ಆಂದ್ರೆಸ್ ಸುಸುನಾಗ ಎಂಬ ಜ್ಯೋತಿಷಿ 2011ರ ಸುಮಾರಿಗೆ ಮಾಡಿದ್ದು. (ಜ್ಯೋತಿಷಿ ಎಂದ ಕೂಡಲೇ ನಮ್ಮ ಪ್ಲಾಂಟ್ ಹೆಡ್ ಕುರ್ಚಿಯಲ್ಲಿ ನೆಟ್ಟಗೆ ಕೂತರು.) ಅವರ ಚಿತ್ರದ ನಡುವೆ ಇದ್ದದ್ದು ‘ಉದ್ದೇಶ’. ಜಪಾನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಜಪಾನಿನ ಒಕಿನಾವಾ ದ್ವೀಪದ ನೂರು ದಾಟಿದ ಅಜ್ಜಿ-ತಾತಂದಿರು ಬೆಳಿಗ್ಗೆ ಏಳಲು ಅವರಿಗೊಂದು ಇಕಿಗಾಯ್ ಇರುತ್ತದೆ ಎಂದು ದೀರ್ಘಾಯುಷ್ಯದ ಬಗ್ಗೆ ಬರೆಯುವ ಅಮೆರಿಕದ ಲೇಖಕ ಡಾನ್ ಬ್ಯುಟ್ನರ್ 2009ರ ಒಂದು ಭಾಷಣದಲ್ಲಿ ಹೇಳಿದ್ದರು. ಅದನ್ನು ಕೇಳಿದ ಮಾರ್ಕ್ ವಿನ್ ಎಂಬುವರು 2014ರಲ್ಲಿ ಆ ನಾಲ್ಕು ವೃತ್ತದ ನಡುವಿನ ಒಂದೇ ಪದ ಬದಲಾಯಿಸಿದರು. ಅಷ್ಟೇ. ಚಿತ್ರ ಲೋಕವೆಲ್ಲ ಹರಡಿತು. ತಾನು ಮಾಡಿದ್ದು ಎರಡು ವಿಚಾರಗಳನ್ನು ಸೇರಿಸಿದ್ದು ಮಾತ್ರ ಎಂದು ಅವರೇ ಆಮೇಲೆ ಬರೆದಿದ್ದಾರೆ.

ಜಪಾನಿನಲ್ಲಿ ಈ ವಿಷಯವನ್ನು ಮೊದಲು ಗಂಭೀರವಾಗಿ ಕೂತು ನೋಡಿದವರಲ್ಲಿ ಮಿಯೆಕೊ ಕಾಮಿಯಾ ಎಂಬ ಮನೋವೈದ್ಯೆ ಒಬ್ಬರು. ನಾಗಾಶಿಮಾ ದ್ವೀಪದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಒಂದೇ ಕಾಯಿಲೆ, ಒಂದೇ ಗೋಡೆಯೊಳಗಿನ ಬದುಕು. ಆದರೂ ಕೆಲವರಿಗೆ ಬದುಕುವ ಹುಮ್ಮಸ್ಸು ಇರುತ್ತದೆ, ಕೆಲವರಿಗೆ ಇರುವುದಿಲ್ಲ, ಯಾಕೆ ಎಂಬುದು ಅವರ ಪ್ರಶ್ನೆ. 1966ರಲ್ಲಿ ಅದರ ಬಗ್ಗೆ ಪುಸ್ತಕವೇ ಬರೆದರು. ಮನೆ, ಊರು, ಉದ್ಯೋಗ ಎಲ್ಲ ಕಳೆದುಕೊಂಡವರ ನಡುವೆ ಹುಟ್ಟಿದ ಪ್ರಶ್ನೆ ಅದು. ಅಲ್ಲಿ ‘ದುಡ್ಡು ಸಿಗುವುದು’ ಎಂಬ ವೃತ್ತ ಎಳೆಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ನಮ್ಮ ಶಾಪ್ ಫ್ಲೋರಿನಲ್ಲಿ ಒಂದು ಡ್ರಾಯಿಂಗ್‌ನ ರಂಧ್ರದ ಅಳತೆ ಕೂದಲೆಳೆಯಷ್ಟು ಬದಲಾದರೂ ಮೂಲೆಯ ಪಟ್ಟಿಯಲ್ಲಿ ರಿವಿಷನ್ ನಂಬರ್, ತಾರೀಕು, ಸಹಿ ಬರಬೇಕು. ಹಳೆಯ ಪ್ರತಿ ಮೆಷಿನ್ ಹತ್ತಿರ ಸಿಕ್ಕರೆ ಆಡಿಟ್‌ನಲ್ಲಿ ಬೈಗುಳ ಗ್ಯಾರಂಟಿ. ಮನುಷ್ಯರ ಬದುಕನ್ನು ಅಳೆಯುವ ಈ ಡ್ರಾಯಿಂಗ್ ಮಾತ್ರ ನಡುಮಧ್ಯದ ಅಳತೆ ಬದಲಾಯಿಸಿಕೊಂಡು, ರಿವಿಷನ್ ನಂಬರ್ ಇಲ್ಲದೆ ಊರೂರು ತಿರುಗುತ್ತಿದೆ.

ಈ ಚಿತ್ರ ಇದ್ದ ಸ್ಲೈಡುಗಳ ಕಟ್ಟಿನಲ್ಲೇ ಮ್ಯಾಸ್ಲೋ ಪಿರಮಿಡ್ ಕೂಡ ಇತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಸ್ಲೋ ಹೇಳಿದ ಮನುಷ್ಯನ ಅಗತ್ಯಗಳನ್ನು ಒಂದರ ಮೇಲೊಂದು ಪೇರಿಸಿ ತೋರಿಸುವ ಚಿತ್ರ ಅದು. ಅದರ ಹಣೆಬರಹವೂ ಹೀಗೇ. ಮ್ಯಾಸ್ಲೋ 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ ಇಲ್ಲವೇ ಇಲ್ಲ. ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬ ಸಲಹೆಗಾರರು 1960ರಲ್ಲಿ ಒಂದು ಉದ್ಯಮ ಪತ್ರಿಕೆಯಲ್ಲಿ ಆ ಆಕಾರ ಕೊಟ್ಟರು. ಮ್ಯಾಸ್ಲೋ ಹೇಳಿದ್ದು ಬೇರೆ ಥರ. ಒಬ್ಬ ಸಾಮಾನ್ಯ ಮನುಷ್ಯನಿಗೆ ಹೊಟ್ಟೆ-ಬಟ್ಟೆಯ ಅಗತ್ಯ 85%, ಭದ್ರತೆ 70%, ಪ್ರೀತಿ 50%, ಆತ್ಮಗೌರವ 40%, ತನ್ನ ಶಕ್ತಿಯನ್ನು ಪೂರ್ತಿ ಅರಳಿಸಿಕೊಳ್ಳುವುದು 10% ಈಡೇರಿರಬಹುದು ಎಂದು ಉದಾಹರಣೆಗೆ ಅಂದಾಜಿನ ಅಂಕಿ ಕೊಟ್ಟಿದ್ದರು. ಅಂದರೆ ಎಲ್ಲವೂ ಒಟ್ಟಿಗೆ, ಅರ್ಧಂಬರ್ಧ. ಪಿರಮಿಡ್ ಬಂದ ಮೇಲೆ ಅದು ಮೆಟ್ಟಿಲಾಯಿತು. ಮೊದಲು ಅನ್ನ, ಆಮೇಲೆ ಮರ್ಯಾದೆ. ಒಮ್ಮೆ ನಮ್ಮ ಕ್ಯಾಂಟೀನಿನಲ್ಲಿ ಟ್ರೇನಿಗಳ ಗಲಾಟೆ ಆದಾಗ ಎಲ್ಲರೂ ಸಾರಿನ ರುಚಿ ಸರಿ ಮಾಡಲು ಹೊರಟಿದ್ದು ಈ ಮೆಟ್ಟಿಲಿನ ಲೆಕ್ಕದಲ್ಲೇ. ಆದರೆ ಅವರ ದೂರು ಇದ್ದದ್ದು ತಮ್ಮನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ.

ಈಗ ನಾನು ಮಾಡುವುದು ಇಷ್ಟು. ಹುಡುಗರ ಇಂಡಕ್ಷನ್‌ನಲ್ಲಿ ದುಡ್ಡಿನ ಮಾತು ಮೊದಲು, ಬೇರೆಯಾಗಿ, ನೇರವಾಗಿ: ಸ್ಟೈಪೆಂಡ್ ಎಷ್ಟು, ಯಾವಾಗ ಬರುತ್ತೆ, ತರಬೇತಿ ಮುಗಿದ ಮೇಲೆ ಏನು ಸಾಧ್ಯ, ಏನು ಇಲ್ಲ. ಅದು ಮುಗಿದ ಮೇಲೆ ಲೋಗೋ ಇಲ್ಲದ ಖಾಲಿ ಹಾಳೆ. ಬೇಕಾದ್ದು ಬರೀರಿ, ಮನೆಗೆ ತಗೊಂಡು ಹೋಗಿ. ಅವರು ಬರೆದದ್ದನ್ನು ನಾನು ನೋಡುವುದಿಲ್ಲ. ಆದರೆ ಕ್ಲಾಸಿನಲ್ಲಿ ಪ್ರಶ್ನೆಗಳು ಜಾಸ್ತಿ ಆಗಿವೆ. ಡೈ ಮೇಂಟೆನೆನ್ಸ್ ಕಲಿಯಬಹುದಾ, ಸಂಜೆ ಡಿಪ್ಲೊಮಾ ಮಾಡಬಹುದಾ ಎಂದೆಲ್ಲ ಕೇಳುತ್ತಾರೆ. ನಿವೃತ್ತಿಯವರಿಗೆ ವೃತ್ತಗಳೇ ಇಲ್ಲ. ‘ಬೆಳಿಗ್ಗೆ ಎದ್ದು ಏನು ಮಾಡ್ತೀರಿ’ ಎಂದು ಬಾಯಿಮಾತಲ್ಲಿ ಕೇಳುತ್ತೇನೆ, ಉತ್ತರ ಒಂದು ಗಂಟೆ ಓಡುತ್ತದೆ. ಮ್ಯಾನೇಜರುಗಳಿಗೆ ಹಳೆಯ ಹಾಳೆಯೇ ಇದೆ. ಕೆಳಮೂಲೆಯಲ್ಲಿ ‘ಮೂಲ 2011, ನಡುಪದ ಬದಲು 2014’ ಎಂದು ಸೇರಿಸಿದ್ದೇನೆ. ಓದಿದವರಲ್ಲಿ ಕೆಲವರು ಯಾಕೆ ಅಂತ ಕೇಳುತ್ತಾರೆ, ಅಲ್ಲಿಂದ ಒಳ್ಳೆಯ ಮಾತು ಶುರುವಾಗುತ್ತದೆ.

ಈಗ ಹೊಸ ವಿಚಾರ ಎದ್ದಿದೆ. ಈ ನಾಲ್ಕು ವೃತ್ತವನ್ನು ವರ್ಷದ ಅಪ್ರೈಸಲ್ ಫಾರ್ಮಿಗೆ ಸೇರಿಸೋಣ ಎಂದು ಎಚ್‌ಆರ್ ಹೇಳುತ್ತಿದೆ. ಇನ್‌ಕ್ರಿಮೆಂಟ್ ಕಾಲಂ ಪಕ್ಕದಲ್ಲೇ. ಆಗ ಮ್ಯಾನೇಜರುಗಳೂ ಅಪ್ರೆಂಟಿಸ್ ಹುಡುಗರ ಥರವೇ ನಾಲ್ಕೂ ವೃತ್ತದಲ್ಲಿ ಕಂಪನಿಯ ಹೆಸರು ಬರೆಯುತ್ತಾರೆ ಎಂದು ಹೇಳಿದ್ದೇನೆ. ವೀಣೆ, ತೋಟ ಎಲ್ಲ ಮಾಯ. ಮುಂದಿನ ಮೀಟಿಂಗ್‌ನಲ್ಲಿ ವಿಷಯ ಮತ್ತೆ ಬರುತ್ತದೆ. ಫಾರ್ಮಿನಿಂದ ತೆಗೆಯಿರಿ, ಅದು ಆಗದಿದ್ದರೆ ಆ ಪುಟದಲ್ಲಿ ಹೆಸರು ಮತ್ತು ಎಂಪ್ಲಾಯಿ ನಂಬರ್ ಬರೆಯುವ ಸಾಲಾದರೂ ಇರಬಾರದು ಎಂದು ಕೇಳಲಿದ್ದೇನೆ.